ಎಡ್ವಿನ್ ಚಾಡ್ವಿಕ್ ಮತ್ತು ನಾಲ್ಕು ಇಂಚಿನ ಕೊಳವೆ

ಏಳನೇ ತರಗತಿಯ ತ್ಯಾಜ್ಯನೀರಿನ ಪಾಠಕ್ಕೆ ಜೋಡಿಸಲು ನಾನು ಆರಿಸಿಕೊಂಡದ್ದು ಎಡ್ವಿನ್ ಚಾಡ್ವಿಕ್ ಅವರ ಜೀವನವನ್ನು. ಅವರು ವಿಜ್ಞಾನಿಯಲ್ಲ, ಎಂಜಿನಿಯರೂ ಅಲ್ಲ, ಕಾನೂನು ಓದಿದವರು. 1800ರಲ್ಲಿ ಮ್ಯಾಂಚೆಸ್ಟರ್ ಬಳಿ ಹುಟ್ಟಿ, ಚಿಂತಕ ಬೆಂಥಮ್ ಅವರಿಗೆ ಕಾರ್ಯದರ್ಶಿಯಾಗಿದ್ದರು. ಬಡವರ ಕಾಯಿದೆಯಲ್ಲಿ ಅವರ ಪಾತ್ರವನ್ನು ನಾನು ಮೆಚ್ಚಲಾರೆ. ಆದರೆ ಕಾರ್ಮಿಕರ ಕೇರಿಗಳ ನೈರ್ಮಲ್ಯದ ಬಗ್ಗೆ 1842ರಲ್ಲಿ ಅವರು ಬರೆದ ವರದಿ ಇಂಗ್ಲೆಂಡಿನ ಕಣ್ಣು ತೆರೆಸಿತು.

ಆಗ ಲಂಡನ್ನಿನ ಎಷ್ಟೋ ಒಳಚರಂಡಿಗಳು ಮನುಷ್ಯ ಇಳಿಯುವಷ್ಟು ದೊಡ್ಡವು, ತಳ ಚಪ್ಪಟೆ. ಹೂಳು ತುಂಬಿದಾಗ ಆಳುಗಳು ಇಳಿದು ಬಗೆದು ತೆಗೆಯಬೇಕಿತ್ತು. ಜಾನ್ ರೋ ಎಂಬ ಸರ್ವೇಯರ್ ತಳ ಕಿರಿದಾದ ಮೊಟ್ಟೆಯಾಕಾರದ ಚರಂಡಿ ಕಟ್ಟಿಸಿದ್ದರು. ಚಾಡ್ವಿಕ್ ಅದರಿಂದ ಕಲಿತು, ಮನೆಯ ಚರಂಡಿಗೆ ನಾಲ್ಕು ಇಂಚಿನ, ಒಳಗೆ ನುಣುಪಾದ ಮಣ್ಣಿನ ಕೊಳವೆ ಸಾಕೆಂದು ವಾದಿಸಿದರು.

ಪೈಪು ದೊಡ್ಡದಾದಷ್ಟೂ ಕಟ್ಟಿಕೊಳ್ಳುವುದಿಲ್ಲ ಎಂಬುದು ನನ್ನ ತರಗತಿಯ ಬಹುತೇಕ ಮಕ್ಕಳ ಉತ್ತರವಾಗಿತ್ತು. ಅಂಚು ಮಡಚಿದ ಅಗಲ ತಗಡು, ಉದ್ದಕ್ಕೆ ಸೀಳಿದ ಪಿವಿಸಿ ಪೈಪು, ಎರಡನ್ನೂ ಒಂದೇ ಇಳಿಜಾರಿನಲ್ಲಿಟ್ಟೆವು. ಎರಡಕ್ಕೂ ಒಂದು ಹಿಡಿ ಮರಳು, ಒಂದೊಂದು ಚೊಂಬು ನೀರು. ತಗಡಿನಲ್ಲಿ ನೀರು ತೆಳ್ಳಗೆ ಹರಡಿ ಮರಳು ಅಲ್ಲೇ ನಿಂತಿತು, ಪೈಪಿನಲ್ಲಿ ಕೊಚ್ಚಿಹೋಯಿತು. ಒಂದೇ ಪ್ರಮಾಣದ ನೀರು ಕಿರಿದಾದ ಕೊಳವೆಯಲ್ಲಿ ಆಳವಾಗಿ, ವೇಗವಾಗಿ ಹರಿಯುತ್ತದೆ. ಕೊಳೆ ತಳದಲ್ಲಿ ಕೂರದಿರಲು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಬೇಕು. ನಮ್ಮ ಶೌಚಾಲಯಗಳ 110 ಮಿ.ಮೀ. ಪೈಪು ಹೆಚ್ಚುಕಡಿಮೆ ಚಾಡ್ವಿಕ್ ಹೇಳಿದ ಅಳತೆಯೇ. ಹಾಗಾದರೆ ಇನ್ನೂ ಚಿಕ್ಕದು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಒಬ್ಬಳು ಕೇಳಿದಳು. ಚಾಡ್ವಿಕ್ ಸೋತದ್ದೂ ಅಲ್ಲಿಯೇ.

1848ರ ಸಾರ್ವಜನಿಕ ಆರೋಗ್ಯ ಕಾಯಿದೆಯ ನಂತರ ಅವರು ಆರೋಗ್ಯ ಮಂಡಳಿಯ ಸದಸ್ಯರಾದರು. ಮನೆಗೆ ಸರಿಹೊಂದಿದ ತತ್ವವನ್ನು ಬೀದಿಯ ಚರಂಡಿಗೂ ಹಟದಿಂದ ಎಳೆದರು. ಬೀದಿಯ ಕೊಳವೆಗೆ ಹಲವು ಮನೆಗಳ ನೀರು, ಚಿಂದಿ, ಹುಲ್ಲು ಎಲ್ಲ ಬರುತ್ತದೆ. ಕ್ರಾಯ್ಡನ್ ಪಟ್ಟಣದಲ್ಲಿ ಹಾಕಿದ ಸಣ್ಣ ಕೊಳವೆಗಳು ಕಟ್ಟಿಕೊಂಡವು, ಕೆಲವು ಒಡೆದವು. 1852ರ ಕೊನೆಗೆ ಅಲ್ಲಿ ಜ್ವರವೂ ಹಬ್ಬಿತು. ಎಂಜಿನಿಯರುಗಳು ಮೊದಲೇ ಅವರ ಮೇಲೆ ಮುನಿಸಿಕೊಂಡಿದ್ದರು. 1854ರಲ್ಲಿ ಹುದ್ದೆ ಹೋಯಿತು.

ಲಂಡನ್ನಿನ ಮುಖ್ಯ ಒಳಚರಂಡಿಗಳನ್ನು ಮುಂದೆ ಬಜಲ್‌ಗೆಟ್ ಇಟ್ಟಿಗೆಯಲ್ಲಿ, ದೊಡ್ಡದಾಗಿಯೇ ಕಟ್ಟಿದರು. ಚಾಡ್ವಿಕ್ ಮತ್ತೆ ಸರ್ಕಾರಿ ಹುದ್ದೆ ಕಾಣಲಿಲ್ಲ. 1889ರಲ್ಲಿ ಅವರಿಗೆ ನೈಟ್ ಪದವಿ ಬಂತು, ಮರುವರ್ಷ ತೀರಿಕೊಂಡರು.