ಕಾಯಕಯೋಗಿ ಕುಂಬಾರ ಗುಂಡಯ್ಯ

ಶಿವಶರಣರ ಪರಂಪರೆಯಲ್ಲಿ ಕುಂಬಾರ ಗುಂಡಯ್ಯನವರದು ಪ್ರಾತಃಸ್ಮರಣೀಯವಾದ ಹೆಸರು. ಅವರ ಊರು ಭಲ್ಲುಕೆ, ಅಂದರೆ ಇಂದಿನ ಬೀದರ್ ಜಿಲ್ಲೆಯ ಭಾಲ್ಕಿ. ಅವರು 12ನೆಯ ಶತಮಾನದಲ್ಲಿ ಬಾಳಿದರೆಂಬುದು ಶರಣ ಪರಂಪರೆಯ ನಂಬಿಕೆ. ಅವರ ಧರ್ಮಪತ್ನಿ ಕೇತಲದೇವಿಯವರೂ ವಚನಕಾರ್ತಿ. ಮಡಕೆ ಮಾಡುವುದೇ ಈ ದಂಪತಿಗಳ ಕಾಯಕ.

ಗುಂಡಯ್ಯನವರ ಚರಿತ್ರೆಯನ್ನು ಹಂಪೆಯ ಹರಿಹರ ಕವಿಯು 'ಕುಂಬಾರ ಗುಂಡಯ್ಯನ ರಗಳೆ'ಯಲ್ಲಿ ಹಾಡಿದ್ದಾನೆ. ಮಣ್ಣು ಹದಮಾಡುವಾಗಲೂ ತಿಗರಿ ತಿರುಗಿಸುವಾಗಲೂ ಅವರ ಮನಸ್ಸು ಶಿವನಲ್ಲಿಯೇ ನೆಲೆಸಿರುತ್ತಿತ್ತು. ಮಡಕೆಯನ್ನು ತಟ್ಟುತ್ತ, ಆ ನಾದಕ್ಕೆ ತಾವೇ ಮೈಮರೆತು ಕುಣಿಯುತ್ತಿದ್ದರು. ನಾದವು ಕೈಲಾಸವನ್ನು ಮುಟ್ಟಿದಾಗ ಶಿವನೂ ಕುಣಿಯತೊಡಗಿದನು, ಪಾರ್ವತಿಯು ವಿಸ್ಮಿತಳಾದಳು. ಕೊನೆಗೆ ಶಿವನೇ ಭಲ್ಲುಕೆಗೆ ಇಳಿದು ಬಂದು ಆ ಕುಂಬಾರನೊಡನೆ ನರ್ತಿಸಿದನು.

ಮಡಕೆಯನ್ನು ಅರ್ಥಪೂರ್ಣ ಸಂಕೇತವಾಗಿ ಕಂಡವರು ನಮ್ಮವರು ಮಾತ್ರವಲ್ಲ. ಆವಿಗೆಯಲ್ಲಿ ಗಾಳಿಯಾಡಿದರೆ ಮಡಕೆ ಕೆಂಪಾಗುತ್ತದೆ. ಗಾಳಿಯನ್ನು ತಡೆದು ಹೊಗೆ ಕೂಡಿಸಿದರೆ ಅದೇ ಮಣ್ಣು ಕಪ್ಪಾಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ ಸೀಮೆಯ ಸಾಂಟಾ ಕ್ಲಾರಾ ಎಂಬ ಪ್ಯೂಬ್ಲೊ ಗ್ರಾಮದ ಮೂಲನಿವಾಸಿ ಮಹಿಳೆಯರು ತಿಗರಿಯಿಲ್ಲದೆ, ಮಣ್ಣಿನ ಸುರುಳಿಗಳನ್ನು ಪೇರಿಸಿ ಮಡಕೆ ಕಟ್ಟುತ್ತಾರೆ. ಸುಡುವ ಮೊದಲು ಅದರ ಮೇಲೆ ಕೊಂಬುಳ್ಳ ಜಲಸರ್ಪವನ್ನೂ ಕರಡಿಯ ಹೆಜ್ಜೆಯನ್ನೂ ಕೆತ್ತುತ್ತಾರೆ; ಬಳಿಕ ಉರಿಯನ್ನು ಒಣಗೊಬ್ಬರದ ಪುಡಿಯಿಂದ ಮುಚ್ಚಿ ಕಪ್ಪು ಬಣ್ಣ ಬರಿಸುತ್ತಾರೆ. ಬರಗಾಲದಲ್ಲಿ ಹಿರಿಯರಿಗೆ ನೀರಿನ ನೆಲೆ ತೋರಿಸಿದ್ದು ಕರಡಿ ಎಂದು ಅವರ ನಂಬಿಕೆ. ಮಳೆಗಾಗಿ ಮುಗಿಲು ನೋಡುವ ಆದೋನಿ ಸೀಮೆಯ ನಮಗೆ ಆ ಸಂಕೇತದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಗುಂಡಯ್ಯನವರ ಮಡಕೆಯ ಮೇಲೆ ಕೆತ್ತನೆಯಿತ್ತೆಂದು ಯಾರೂ ಹೇಳುವುದಿಲ್ಲ. ಅದರ ನಾದವೇ ಅದರ ಸಂಕೇತ. ಸಂತೆಯಲ್ಲಿ ನಮ್ಮ ತಾಯಂದಿರು ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡಿಯೇ ಕೊಳ್ಳುತ್ತಾರೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ತಿಳಿಯುತ್ತದೆ. ಗಟ್ಟಿ ಮಡಕೆ ಖಣಿಲೆನ್ನುತ್ತದೆ; ಒಡಕು ಮಡಕೆಯ ಸದ್ದು ಮಂಕು. ಮನುಷ್ಯನ ದುಡಿಮೆಯ ಪರೀಕ್ಷೆಯೂ ಹಾಗೆಯೇ.

1953ರಲ್ಲಿ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಗಡಿ ಸರಿದರೂ ಹರಿಹರನ ಕನ್ನಡ ನಮ್ಮಿಂದ ಸರಿಯಲಿಲ್ಲ. ಶತಮಾನ ಕಂಡ ಈ ಶಾಲೆಗೆ ಕುಂಬಾರರ, ಕಮ್ಮಾರರ, ನೇಕಾರರ ಮಕ್ಕಳೂ ಬರುತ್ತಾರೆ. ತಂದೆಯ ಕಸುಬನ್ನು ಕೇಳಿದಾಗ ತಲೆ ತಗ್ಗಿಸುವ ಮಗುವಿಗೆ ಗುಂಡಯ್ಯನವರ ಕಥೆಯನ್ನು ಹೇಳಬೇಕು. ಶಿವನು ಕುಣಿದದ್ದು ಅರಮನೆಯ ವಾದ್ಯಕ್ಕಲ್ಲ, ಕುಂಬಾರನ ಮಡಕೆಯ ನಾದಕ್ಕೆ.