ತಿಪ್ಪೆಗುಂಡಿಯನ್ನು ಪ್ರಯೋಗಾಲಯ ಮಾಡಿದ ಆಲ್ಬರ್ಟ್ ಹೊವಾರ್ಡ್

ಸಾವಯವ ಕೃಷಿಯ ಮಾತು ಬಂದಲ್ಲೆಲ್ಲ ಸರ್ ಆಲ್ಬರ್ಟ್ ಹೊವಾರ್ಡ್ ಅವರ ಹೆಸರು ಬರುತ್ತದೆ. ವಾಣಿಜ್ಯ ವಿಭಾಗದಲ್ಲಿ ಓದುವ ನಾನು ಅವರ ಬಗ್ಗೆ ಬರೆಯಲು ಕಾರಣ ನಮ್ಮ ಹಿತ್ತಲು. ತರೀಕೆರೆಯ ನಮ್ಮ ಮನೆಯ ಹಿಂದೆ ಬದನೆ, ಮೆಣಸಿನಕಾಯಿ, ಪುದೀನ, ಒಂದು ನಿಂಬೆ, ಒಂದು ಮೆಹಂದಿ ಗಿಡ ಇವೆ. ಗಿಡ ಸೊರಗಿದರೆ ಒಂದು ಹಿಡಿ ಯೂರಿಯಾ ಹಾಕೋಣ ಎನ್ನುತ್ತಾರೆ ಅಬ್ಬಾ. ಮೇಕೆ ಹಿಕ್ಕೆ ಇರುವಾಗ ಅದೇಕೆ ಎನ್ನುತ್ತಾರೆ ದಾದಿ. ನಮ್ಮ ಮನೆಯ ಉರ್ದುವಿನಲ್ಲಿ ಎರಡಕ್ಕೂ ಖಾದ್ ಎಂಬ ಒಂದೇ ಪದ. ಕನ್ನಡದಲ್ಲೂ ಎರಡೂ ಗೊಬ್ಬರವೇ. ಎರಡೂ ಮಣ್ಣಿಗೆ ಒಂದೇ ಕೆಲಸ ಮಾಡುತ್ತವೆಯೇ ಎಂದು ಕೇಳುತ್ತಲೇ ಹೊವಾರ್ಡ್ ತಮ್ಮ ಜೀವನ ಕಳೆದರು.

ಅವರು ಹುಟ್ಟಿದ್ದು 1873ರ ಡಿಸೆಂಬರ್ 8ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್‌ನ ರೈತ ಮನೆತನದಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ವೆಸ್ಟ್ ಇಂಡೀಸ್‌ನಲ್ಲಿ ಬೆಳೆಗಳ ಶಿಲೀಂಧ್ರ ರೋಗಗಳ ತಜ್ಞರಾಗಿ ಕೆಲಸ ಮಾಡಿದರು. ಅಲ್ಲಿ ಒಂದು ಕೊರತೆ ಅವರನ್ನು ಕಾಡಿತು. ರೈತರಿಗೆ ಸಲಹೆ ಕೊಡಬೇಕು, ಆದರೆ ಆ ಸಲಹೆಯನ್ನು ತಾವೇ ಬೆಳೆದು ನೋಡಲು ಸ್ವಂತ ಹೊಲವಿಲ್ಲ. ಹೀಗಾಗಿ 1905ರಲ್ಲಿ ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಗೆ ಸಸ್ಯವಿಜ್ಞಾನಿಯಾಗಿ ಬಂದವರು ಜಮೀನು ಕೇಳಿ ಪಡೆದರು. 75 ಎಕರೆ ಸಿಕ್ಕಿತು. ಸುತ್ತಲಿನ ರೈತರು ಸೀಮೆಗೊಬ್ಬರವಾಗಲಿ ಕೀಟನಾಶಕವಾಗಲಿ ಇಲ್ಲದೆ ಒಳ್ಳೆಯ ಬೆಳೆ ತೆಗೆಯುತ್ತಿದ್ದರು. ಹೊವಾರ್ಡ್ ಆ ರೈತರನ್ನೇ ತಮ್ಮ ಗುರುಗಳೆಂದು ಒಪ್ಪಿಕೊಂಡರು. ಕೀಟಗಳನ್ನೂ ಗುರುಗಳ ಸಾಲಿಗೆ ಸೇರಿಸಿದರು. ಬೆಳೆಗೆ ಕೀಟ ಬಿದ್ದರೆ ಬೇಸಾಯದಲ್ಲಿ ಎಲ್ಲೋ ತಪ್ಪಿದೆ ಎಂಬುದು ಅವರ ಲೆಕ್ಕ. ಕಲಿಸಲು ಬಂದ ಅಧಿಕಾರಿ ಕಲಿಯಲು ಕುಳಿತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಅವರ ಹೆಂಡತಿ ಗೇಬ್ರಿಯೆಲ್ ಕೂಡ ಕೇಂಬ್ರಿಜ್‌ನಲ್ಲಿ ಕಲಿತ ವಿಜ್ಞಾನಿ. ಪೂಸಾದ ಹೆಸರಾಂತ ಗೋಧಿ ತಳಿಗಳು ಇಬ್ಬರೂ ಸೇರಿ ಮಾಡಿದ ಕೆಲಸ. 1913ರಲ್ಲಿ ಅವರಿಗೂ ಸರ್ಕಾರಿ ಸಸ್ಯವಿಜ್ಞಾನಿಯ ಹುದ್ದೆ ಸಿಕ್ಕಿತು. ಆದರೂ ಇವತ್ತು ನೆನಪಿನಲ್ಲಿ ಉಳಿದಿರುವುದು ಗಂಡನ ಹೆಸರು ಮಾತ್ರ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕೆಂದು ನನಗನ್ನಿಸುತ್ತದೆ.

ಪೂಸಾದಲ್ಲಿ ಹೊವಾರ್ಡ್ ಎತ್ತುಗಳನ್ನೂ ಸಾಕಿದರು. ಬೇಲಿಯಾಚೆ ಕಾಲುಬಾಯಿ ಜ್ವರ ಬಂದ ದನಗಳಿದ್ದವು. ಇವರ ಎತ್ತುಗಳು ಅವುಗಳಿಗೆ ಮೂತಿ ತಾಗಿಸಿದರೂ ಕಾಯಿಲೆ ಬೀಳಲಿಲ್ಲವಂತೆ. ಒಳ್ಳೆಯ ಮಣ್ಣಿನ ಮೇವು ತಿಂದದ್ದೇ ಕಾರಣ ಎಂದು ಅವರು ನಂಬಿದ್ದರು. ಇದೊಂದನ್ನು ಮಾತ್ರ ನಾನು ಒಪ್ಪಲಾರೆ. ಅಜ್ಜಂಪುರದ ಅಮೃತಮಹಲ್ ದನಗಳು ಎಷ್ಟೇ ಗಟ್ಟಿಯಾಗಿದ್ದರೂ ಲಸಿಕೆ ಬೇಡ ಎಂದು ಯಾವ ಪಶುವೈದ್ಯರೂ ಹೇಳುವುದಿಲ್ಲ.

1924ರಿಂದ 1931ರವರೆಗೆ ಅವರು ಇಂದೋರಿನಲ್ಲಿದ್ದರು. ಅವರ ಹೆಸರು ಉಳಿಸಿದ ಇಂದೋರ್ ಕಾಂಪೋಸ್ಟ್ ಪದ್ಧತಿ ರೂಪುಗೊಂಡದ್ದು ಅಲ್ಲಿಯೇ. 30 ಅಡಿ ಉದ್ದ, 14 ಅಡಿ ಅಗಲ, ಬರೀ 2 ಅಡಿ ಆಳದ ಗುಂಡಿ. ಅದರಲ್ಲಿ ಒಣ ಕಡ್ಡಿ, ಎಲೆ, ಕಳೆ. ಅದರ ಮೇಲೆ ಸಗಣಿ, ಗಂಜಲ ಕುಡಿದ ಕೊಟ್ಟಿಗೆ ಮಣ್ಣು, ಒಲೆಯ ಬೂದಿ, ನೀರು. ಹೀಗೆ ಪದರದ ಮೇಲೆ ಪದರ. ಗುಂಡಿಯ ಒಳಗೆ ಕೈ ಇಡಲಾಗದಷ್ಟು ಕಾವೇರುತ್ತದೆ. ಮೂರು ಸಲ ಮಗುಚಿ ಗಾಳಿಯಾಡಿಸಿದರೆ ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ನಮ್ಮ ಹಳ್ಳಿಗಳ ತಿಪ್ಪೆಯಲ್ಲೂ ಇವೇ ವಸ್ತುಗಳಿರುತ್ತವೆ. ಆದರೆ ಗಂಜಲ ಹರಿದುಹೋಗುತ್ತದೆ, ಬಿಸಿಲು ಮಳೆಗೆ ಸಾರ ಕಳೆದುಹೋಗುತ್ತದೆ. ಈ ನಷ್ಟ ತಡೆಯುವುದನ್ನೇ ಅವರು ಅಳೆದು ತೂಗಿ ತೋರಿಸಿದರು. 1931ರಲ್ಲಿ ಯಶವಂತ ವಾಡ್ ಎಂಬ ಸಹೋದ್ಯೋಗಿಯೊಂದಿಗೆ ಇದನ್ನು ಪುಸ್ತಕ ಮಾಡಿದರು. ಅದಕ್ಕೆ ಹಿಂದಿನ ವರ್ಷ ಗೇಬ್ರಿಯೆಲ್ ತೀರಿಕೊಂಡಿದ್ದರು.

ಅಷ್ಟರಲ್ಲಿ ಜಗತ್ತು ಬೇರೆ ದಾರಿ ಹಿಡಿದಿತ್ತು. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವುದನ್ನು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದರು. 1913ರಲ್ಲಿ ಕಾರ್ಖಾನೆ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಅದೇ ಅಮೋನಿಯಾ ಸ್ಫೋಟಕಗಳಿಗೂ ಹೋಯಿತು. ಯುದ್ಧ ಮುಗಿದ ಮೇಲೆ ಇಂಥ ಕಾರ್ಖಾನೆಗಳಿಗೆ ಗಿರಾಕಿ ಬೇಕಾಯಿತು, ರೈತ ಸಿಕ್ಕಿದ ಎಂದು ಹೊವಾರ್ಡ್ ದೂರಿದರು. ಮಣ್ಣಿನಲ್ಲಿ ಕೊಳೆತ ಸಾವಯವ ಅಂಶವೇ ಅವರಿಗೆ ರೈತನ ಬಂಡವಾಳ. ಅದನ್ನು ತುಂಬದೆ ಬರೀ ಸಾರಜನಕ, ರಂಜಕ, ಪೊಟ್ಯಾಷ್ ಲೆಕ್ಕ ಹಾಕುವುದು ಅವರಿಗೆ ಸರಿಕಾಣಲಿಲ್ಲ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಸವಕಳಿಯನ್ನು ಬರೆಯದೆ ಲಾಭ ತೋರಿಸಿದ ಹಾಗೆ.

ಇನ್ನೊಂದು ಕಡೆಯ ಲೆಕ್ಕವನ್ನೂ ಹೇಳಬೇಕು. 45 ಕಿಲೋ ಯೂರಿಯಾ ಚೀಲದ ಬೆಲೆ ಸಬ್ಸಿಡಿಯಿಂದಾಗಿ 266 ರೂಪಾಯಿ 50 ಪೈಸೆ. ಅದರಲ್ಲಿ ಶೇಕಡಾ 46 ಸಾರಜನಕ, ಅಂದರೆ 20.7 ಕಿಲೋ. ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಅರ್ಧ ಶೇಕಡಾ ಎಂದಿಟ್ಟುಕೊಂಡರೆ ಅಷ್ಟೇ ಸಾರಜನಕಕ್ಕೆ ನಾಲ್ಕು ಟನ್ ಬೇಕು. ಅಜ್ಜಂಪುರದ ಈರುಳ್ಳಿ ಬೆಳೆಗಾರ ಅಷ್ಟನ್ನು ಎಲ್ಲಿಂದ ತರಬೇಕು? ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆಯುತ್ತಿರುವ ಗೋಧಿ ಪ್ರಯೋಗದಲ್ಲಿ ಬರೀ ರಾಸಾಯನಿಕ ಗೊಬ್ಬರದ ತಾಕುಗಳೂ ಒಳ್ಳೆಯ ಇಳುವರಿ ಕೊಡುತ್ತಲೇ ಇವೆ. ಆದರೆ ಕೊಟ್ಟಿಗೆ ಗೊಬ್ಬರ ಹಾಕಿದ ತಾಕಿನ ಮಣ್ಣಿನಲ್ಲಿ ಸಾವಯವ ಅಂಶ ಎರಡು ಪಟ್ಟಿಗೂ ಹೆಚ್ಚಾಗಿದೆ. ಹೊಲದ ಜಗಳ ಅಷ್ಟು ಸುಲಭಕ್ಕೆ ತೀರುವುದಿಲ್ಲ. ಕಡೂರಿನ ಕಡೆ ಇಂದಿಗೂ ಕುರಿಗಾಹಿಗಳಿಗೆ ದುಡ್ಡು ಕೊಟ್ಟು ರಾತ್ರಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವವರಿದ್ದಾರೆ. ಅವರೂ ಲೆಕ್ಕ ಹಾಕದೆ ಕೊಡುವುದಿಲ್ಲ.

ಹಿತ್ತಲಿನ ಮಾತು ಬೇರೆ. ನಾಲ್ಕು ಬದನೆ ಗಿಡಕ್ಕೆ ಟನ್ ಬೇಕಿಲ್ಲ. ದನವಿಲ್ಲದ ಮನೆಗೂ ದಾರಿಯಿದೆ, ಅದೂ ನಮ್ಮ ರಾಜ್ಯದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1930ರ ದಶಕದ ಕೊನೆಯಲ್ಲಿ ಪಟ್ಟಣದ ಕಸವನ್ನು ಗೊಬ್ಬರ ಮಾಡುವ ಬೆಂಗಳೂರು ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ಗುಂಡಿ ತುಂಬಿ ಮಣ್ಣು ಮುಚ್ಚಿ ಬಿಡುವುದು, ಮಗುಚುವ ಶ್ರಮವಿಲ್ಲ. ಸಮಯ ಮಾತ್ರ ಇಂದೋರ್ ಪದ್ಧತಿಗಿಂತ ಹೆಚ್ಚು. ತರೀಕೆರೆಯಲ್ಲಿ ಸುಗ್ಗಿ ಬಂದರೆ ರಸ್ತೆ ಬದಿಯಲ್ಲಿ ಅಡಿಕೆ ಸಿಪ್ಪೆಯ ರಾಶಿ ಬೀಳುತ್ತದೆ, ಎಷ್ಟೋ ಕಡೆ ಬೆಂಕಿ ಹಾಕುತ್ತಾರೆ, ಹೊಗೆ ಮನೆಯೊಳಗೆ ಬರುತ್ತದೆ. ಸಿಪ್ಪೆ ಬೇಗ ಕೊಳೆಯುವುದಿಲ್ಲ ನಿಜ. ಚೆನ್ನಾಗಿ ನೆನೆಸಿ, ಹಿಕ್ಕೆಯೋ ಸಗಣಿಯೋ ಬೆರೆಸಿದರೆ ಅದೂ ಗೊಬ್ಬರವಾಗುತ್ತದೆ. ನಮ್ಮ ಹಿತ್ತಲಿನ ಮಟ್ಟಿಗೆ ನಾನು ದಾದಿಯ ಪಕ್ಷ.

ಹೊವಾರ್ಡ್ 1931ರಲ್ಲಿ ಇಂಗ್ಲೆಂಡಿಗೆ ಮರಳಿದರು. 1934ರಲ್ಲಿ ಸರ್ ಪದವಿ ಬಂತು. ಚಹಾ, ಕಾಫಿ ತೋಟದವರು ಅವರ ಪದ್ಧತಿಯನ್ನು ಕೈಗೆತ್ತಿಕೊಂಡರು, ಬಹಳಷ್ಟು ಕೃಷಿ ವಿಜ್ಞಾನಿಗಳು ಒಪ್ಪಲಿಲ್ಲ. 1940ರಲ್ಲಿ ತಮ್ಮ ವಾದವನ್ನೆಲ್ಲ ಇನ್ನೊಂದು ಪುಸ್ತಕದಲ್ಲಿ ಬರೆದರು. 1947ರ ಅಕ್ಟೋಬರ್ 20ರಂದು ತೀರಿಕೊಂಡರು. ಗೇಬ್ರಿಯೆಲ್ ಅವರ ತಂಗಿ ಲೂಯಿಸ್ ಅವರನ್ನು ಹೊವಾರ್ಡ್ ಆಮೇಲೆ ಮದುವೆಯಾಗಿದ್ದರು. ಗಂಡ ಮತ್ತು ಅಕ್ಕ ಭಾರತದಲ್ಲಿ ಮಾಡಿದ ಕೆಲಸವನ್ನೆಲ್ಲ ಕಲೆಹಾಕಿ ಲೂಯಿಸ್ 1953ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.