ಕಾರಿಗೆ ರೆಕ್ಕೆ ಮೂಡಿಸಿದ ಹಾರ್ಲೆ ಅರ್ಲ್: ಆ ರೆಕ್ಕೆ ಕತ್ತರಿಸಿದ್ದು ಕಾನೂನೇ?

ಹಳೇ ಅಮೆರಿಕನ್ ಕಾರಿನ ಫೋಟೋ ಒಂದು. ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಎದ್ದು ನಿಂತ ಎರಡು ಚೂಪು ಅಂಚುಗಳು, ಮುಂದೆ ಫಳಫಳ ಹೊಳೆಯುವ ಕ್ರೋಮ್ ಬಂಪರ್. ಜೊತೆಗೆ ಆಗಿನ ಕಾರು ಗಟ್ಟಿ ಕಬ್ಬಿಣ, ಈಗಿನದು ಬರೀ ಪ್ಲಾಸ್ಟಿಕ್ ಡಬ್ಬಿ ಎಂಬ ಒಕ್ಕಣೆ. ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಅಷ್ಟು ಚೆಂದದ ಕಾರುಗಳನ್ನು ಸುರಕ್ಷತಾ ಕಾನೂನುಗಳು ಹಾಳುಮಾಡಿದವು ಎಂಬ ದೂರೂ ಕೆಲವೊಮ್ಮೆ ಜೊತೆಗಿರುತ್ತದೆ.

ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ತಿಳಿಯಬೇಕಾದರೆ ಆ ರೆಕ್ಕೆಗಳನ್ನು ಕಾರಿಗೆ ತಂದ ಮನುಷ್ಯನ ಬದುಕನ್ನು ನೋಡಬೇಕು.

ಗಾಡಿ ಕಟ್ಟುವವರ ಮನೆಯ ಹುಡುಗ

ಹಾರ್ಲೆ ಅರ್ಲ್ ಹುಟ್ಟಿದ್ದು 1893ರಲ್ಲಿ, ಕ್ಯಾಲಿಫೋರ್ನಿಯಾದ ಹಾಲಿವುಡ್‌ನಲ್ಲಿ. ಅಪ್ಪ ಕುದುರೆಗಾಡಿಗಳ ಬಾಡಿ ಕಟ್ಟುತ್ತಿದ್ದವರು, ಮುಂದೆ ಕಾರುಗಳ ಬಾಡಿ ಕಟ್ಟಲು ಶುರುಮಾಡಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಹಾರ್ಲೆ ಓದನ್ನು ಅರ್ಧಕ್ಕೇ ಬಿಟ್ಟು ಅಪ್ಪನ ಕೆಲಸಕ್ಕೆ ಕೈಜೋಡಿಸಿದರು. ಸಿನಿಮಾ ನಟರು ತಮ್ಮ ಕಾರು ಎಲ್ಲರಿಗಿಂತ ಬೇರೆಯಾಗಿ ಕಾಣಬೇಕೆಂದು ಅಲ್ಲಿಗೆ ಬರುತ್ತಿದ್ದರು.

ಅವರ ಕೈಚಳಕ ಜನರಲ್ ಮೋಟಾರ್ಸ್ ಕಂಪನಿಯ ಕಣ್ಣಿಗೆ ಬಿತ್ತು. ಅವರು ವಿನ್ಯಾಸ ಮಾಡಿದ ಲಾಸಾಲ್ ಕಾರು 1927ರಲ್ಲಿ ಮಾರುಕಟ್ಟೆಗೆ ಬಂದು ಗೆದ್ದಿತು. ಅದೇ ವರ್ಷ ಕಂಪನಿಯ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್, ಕಾರಿನ ಅಂದಚೆಂದಕ್ಕೆಂದೇ ಒಂದು ಪ್ರತ್ಯೇಕ ವಿಭಾಗ ತೆರೆದು ಅರ್ಲ್ ಅವರ ಕೈಗೆ ಕೊಟ್ಟರು. ಅಲ್ಲಿಯವರೆಗೆ ಕಾರಿನ ಆಕಾರ ಬಹುಮಟ್ಟಿಗೆ ಎಂಜಿನಿಯರುಗಳ ಕೈಯಲ್ಲಿತ್ತು. ಅರ್ಲ್ ಜೇಡಿಮಣ್ಣಿನಲ್ಲಿ ಇಡೀ ಕಾರಿನ ಮಾದರಿ ತಿದ್ದಿ ನೋಡುವ ಪದ್ಧತಿ ತಂದರು. ಕಾರು ಇನ್ನಷ್ಟು ಉದ್ದವಾಗಬೇಕು, ಇನ್ನಷ್ಟು ತಗ್ಗಾಗಬೇಕು ಎನ್ನುವುದು ಅವರ ಜೀವಮಾನದ ಹಟ. ವರ್ಷವರ್ಷವೂ ರೂಪ ಬದಲಿಸಿ, ಗಿರಾಕಿಗೆ ಮನೆಯಲ್ಲಿರುವ ಕಾರು ಹಳತಾಯಿತು ಎನಿಸುವಂತೆ ಮಾಡುವ ವ್ಯಾಪಾರದ ಜಾಣ್ಮೆ ಬೆಳೆದದ್ದೂ ಸ್ಲೋನ್ ಮತ್ತು ಅರ್ಲ್ ಜೋಡಿಯಿಂದಲೇ.

ವಿಮಾನ ನೋಡಿ ಬಂದ ರೆಕ್ಕೆ

ಎರಡನೇ ಮಹಾಯುದ್ಧದ ದಿನಗಳಲ್ಲಿ ಅರ್ಲ್ ತಮ್ಮ ಹುಡುಗರನ್ನು ಕರೆದುಕೊಂಡು ಹೋಗಿ ಪಿ-38 ಎಂಬ ಯುದ್ಧವಿಮಾನ ತೋರಿಸಿದರು. ಅದಕ್ಕೆ ಎರಡು ಬಾಲ. ಆ ಬಾಲದ ನೆರಳು 1948ರ ಕ್ಯಾಡಿಲಾಕ್ ಕಾರಿನ ಹಿಂಬದಿಯಲ್ಲಿ ಪುಟ್ಟ ರೆಕ್ಕೆಯಾಗಿ ಮೂಡಿತು. ಆಮೇಲೆ ಬೇರೆ ಕಂಪನಿಗಳೂ ಪೈಪೋಟಿಗೆ ಬಿದ್ದವು, ರೆಕ್ಕೆ ಬೆಳೆಯುತ್ತಲೇ ಹೋಯಿತು. ಬಂಪರ್ ಮೇಲೆ ಫಿರಂಗಿ ಗುಂಡಿನಾಕಾರದ ಕ್ರೋಮ್ ಉಬ್ಬುಗಳು ಬಂದವು. ಎರಡೂ ಬದಿಗೆ ಬಾಗಿದ ಮುಂಗಾಜು ಬಂತು. 1953ರಲ್ಲಿ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರು ಬಂತು. ಇವೆಲ್ಲ ಅರ್ಲ್ ಅವರ ಕಾಲದ ಕಾಣಿಕೆಗಳು.

ಆದರೆ ಅದೇ ಕಾರುಗಳ ಒಳಗೆ ಏನಿತ್ತು? ಡ್ಯಾಶ್‌ಬೋರ್ಡ್ ಗಟ್ಟಿ ಲೋಹದ್ದು. ಅದರ ಮೇಲೆ ಚಾಚಿಕೊಂಡ ಗುಬುಟುಗಳು. ಸ್ಟೀರಿಂಗಿನ ಕೆಳಗಿನ ಕಬ್ಬಿಣದ ಕಂಬ, ಮುಂದಿನಿಂದ ಡಿಕ್ಕಿಯಾದರೆ ನೇರ ಚಾಲಕನ ಎದೆಗೆ ಬರುವಂತಿತ್ತು. ಸೀಟ್ ಬೆಲ್ಟ್ ಬೇಕಿದ್ದರೆ ಬೇರೆ ದುಡ್ಡು. 1956ರಲ್ಲಿ ಫೋರ್ಡ್ ಕಂಪನಿ ಮೆತ್ತನೆಯ ಡ್ಯಾಶ್‌ಬೋರ್ಡ್, ಸೀಟ್ ಬೆಲ್ಟ್‌ಗಳನ್ನೇ ಮುಂದಿಟ್ಟು ಜಾಹೀರಾತು ಮಾಡಿತಾದರೂ ಆ ವರ್ಷ ಮಾರಾಟದಲ್ಲಿ ಷೆವರ್ಲೆಯೇ ಮುಂದಿತ್ತು. ಸುರಕ್ಷತೆ ಹೇಳಿ ಕಾರು ಮಾರಲಾಗದು ಎಂಬ ನಂಬಿಕೆ ಉದ್ಯಮದಲ್ಲಿ ಬೇರೂರಿತು.

ಅರ್ಲ್ 1958ರ ಕೊನೆಗೆ ನಿವೃತ್ತರಾದರು. 1959ರ ಕ್ಯಾಡಿಲಾಕ್ ರೆಕ್ಕೆ ಎಲ್ಲಕ್ಕಿಂತ ಎತ್ತರದ್ದು. ಅಲ್ಲಿಂದ ಮುಂದೆ ಅದು ಇಳಿಯತೊಡಗಿತು.

ಹಾಗಾದರೆ ಕಾನೂನು ಕತ್ತರಿಸಿದ್ದೇನು?

ಇಲ್ಲೇ ಫಾರ್ವರ್ಡ್ ಎಡವುವುದು. ಕ್ಯಾಡಿಲಾಕ್ ಕೊನೆಯ ರೆಕ್ಕೆ ಬಿಟ್ಟದ್ದು 1964ರ ಮಾದರಿಯೊಂದಿಗೆ. ಅಮೆರಿಕದ ವಾಹನ ಸುರಕ್ಷತಾ ಕಾನೂನಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1966ರ ಸೆಪ್ಟೆಂಬರ್‌ನಲ್ಲಿ. ಅಂದರೆ ರೆಕ್ಕೆಯನ್ನು ಕತ್ತರಿಸಿದ್ದು ಕಾನೂನಲ್ಲ, ಬದಲಾದ ಫ್ಯಾಷನ್.

ಕಾನೂನು ಬಂದದ್ದಕ್ಕೂ ಕಾರಣವಿತ್ತು. 1966ರ ಒಂದೇ ವರ್ಷ ಅಮೆರಿಕದ ರಸ್ತೆಗಳಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ಅದರ ಹಿಂದಿನ ವರ್ಷ ವಕೀಲ ರಾಲ್ಫ್ ನಾಡರ್, ಕಾರು ಕಂಪನಿಗಳು ಅಂದಕ್ಕೆ ಕೊಡುವ ಬೆಲೆಯನ್ನು ಜೀವಕ್ಕೆ ಕೊಡುತ್ತಿಲ್ಲ ಎಂದು ತೋರಿಸುವ ಪುಸ್ತಕ ಬರೆದಿದ್ದರು. ಚೂಪು ರೆಕ್ಕೆಗಳಿಂದ ದಾರಿಹೋಕರಿಗೆ ಆಗುವ ಗಾಯಗಳ ಮಾತೂ ಅದರಲ್ಲಿತ್ತು.

1968ರ ಜನವರಿಯಿಂದ ಹೊಸ ನಿಯಮಗಳು ಜಾರಿಗೆ ಬಂದವು. ಆಗ ಬದಲಾದದ್ದು ಇಷ್ಟು:

• ಡಿಕ್ಕಿಯಾದಾಗ ಕುಸಿದು ಪೆಟ್ಟನ್ನು ಹೀರಿಕೊಳ್ಳುವ ಸ್ಟೀರಿಂಗ್ ಕಂಬ ಕಡ್ಡಾಯವಾಯಿತು.
• ಕಾರಿನ ಒಳಗೆ ತಲೆ, ಮಂಡಿ ತಾಗುವ ಜಾಗಗಳು ಮೆತ್ತಗಾದವು.
• ಚಾಲಕನ ಕಣ್ಣಿಗೆ ಕುಕ್ಕುವ ಕ್ರೋಮ್ ಹೊಳಪನ್ನು ತಗ್ಗಿಸಬೇಕಾಯಿತು.
• ಚಕ್ರದ ಮುಚ್ಚಳದ ಮೇಲೆ ರೆಕ್ಕೆಯಂತೆ ಚಾಚುವ ಅಲಂಕಾರಕ್ಕೆ ನಿಷೇಧ ಬಿತ್ತು.
• ಕಾರಿನ ಪಕ್ಕಗಳಲ್ಲೂ ಪುಟ್ಟ ದೀಪ ಅಥವಾ ಪ್ರತಿಫಲಕ ಬಂತು.

1969ರ ಜನವರಿಯಿಂದ ಮುಂದಿನ ಸೀಟುಗಳಿಗೆ ತಲೆಯಾಸರೆ ಕಡ್ಡಾಯವಾಯಿತು. ಅದೇ ವರ್ಷದ ಏಪ್ರಿಲ್ 10ರಂದು, ಫ್ಲೋರಿಡಾದಲ್ಲಿ ಅರ್ಲ್ ತೀರಿಕೊಂಡರು.

ಕಾರಿನ ಮುಖವನ್ನೇ ಬದಲಿಸಿದ ನಿಯಮ ಬಂದದ್ದು ಅವರು ಹೋದ ಮೇಲೆ. 1973ರ ಮಾದರಿಗಳಿಂದ, ಗಂಟೆಗೆ 5 ಮೈಲಿ ವೇಗದಲ್ಲಿ, ಅಂದರೆ ಸುಮಾರು 8 ಕಿ.ಮೀ.ನಲ್ಲಿ ಗುದ್ದಿದರೂ ದೀಪದಂಥ ಭಾಗಗಳಿಗೆ ಏಟಾಗದಂತೆ ಮುಂದಿನ ಬಂಪರ್ ತಡೆಯಬೇಕಿತ್ತು. ಮರುವರ್ಷ ಹಿಂದಿನ ಬಂಪರಿಗೂ ಅದೇ ಲೆಕ್ಕ. ತೆಳು ಕ್ರೋಮ್ ಪಟ್ಟಿಗಳ ಜಾಗಕ್ಕೆ ಭಾರದ, ಮುಂದಕ್ಕೆ ಚಾಚಿದ ದಿಮ್ಮಿಗಳು ಬಂದವು. ಅರ್ಲ್ ಅವರ ಕಾರ್ವೆಟ್ 1973ರಲ್ಲಿ ಮುಂದಿನ ಕ್ರೋಮ್ ಬಂಪರನ್ನೂ 1974ರಲ್ಲಿ ಹಿಂದಿನದನ್ನೂ ಕಳೆದುಕೊಂಡು, ಬಾಡಿಯ ಬಣ್ಣದ ಮೆತ್ತನೆ ಮೂತಿ ಪಡೆಯಿತು. ಈ ನಿಯಮದಿಂದ ಜೀವ ಉಳಿದದ್ದಕ್ಕಿಂತ ರಿಪೇರಿ ಖರ್ಚು ಉಳಿದದ್ದೇ ಹೆಚ್ಚು ಎಂಬ ಟೀಕೆಯೂ ಇತ್ತು. 1983ರ ಮಾದರಿಗಳಿಗೆ ಅದನ್ನು ಅರ್ಧಕ್ಕೆ ಸಡಿಲಿಸಲಾಯಿತು. ಹಾಗಾಗಿ ಕಾನೂನು ಕೆಲವು ಕಾರುಗಳ ಚೆಂದ ಕೆಡಿಸಿತು ಎಂಬ ಮಾತು ಪೂರ್ತಿ ಸುಳ್ಳೇನಲ್ಲ.

ಗಟ್ಟಿ ಕಬ್ಬಿಣದ ಪರೀಕ್ಷೆ

ಉಳಿದದ್ದು ಗಟ್ಟಿತನದ ಪ್ರಶ್ನೆ. ಇದಕ್ಕೆ ಉತ್ತರ 2009ರಲ್ಲಿ ಸಿಕ್ಕಿತು. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ, ತನ್ನ 50ನೇ ವರ್ಷಕ್ಕೆ ಎರಡು ಕಾರುಗಳನ್ನು ಎದುರುಬದುರು ಗುದ್ದಿಸಿತು. ಒಂದು 1959ರ ಷೆವರ್ಲೆ ಬೆಲ್ ಏರ್, ಅಂದರೆ ಅರ್ಲ್ ಕಾಲದ ಕೊನೆಯ ರೆಕ್ಕೆಕಾರುಗಳಲ್ಲೊಂದು. ಇನ್ನೊಂದು 2009ರ ಷೆವರ್ಲೆ ಮ್ಯಾಲಿಬು. ವೇಗ ಗಂಟೆಗೆ 40 ಮೈಲಿ, ಸುಮಾರು 64 ಕಿ.ಮೀ.

ಬೆಲ್ ಏರ್‌ನ ಚಾಲಕ ಕೂರುವ ಜಾಗವೇ ನಜ್ಜುಗುಜ್ಜಾಯಿತು. ಅಲ್ಲಿ ಗೊಂಬೆಯ ಬದಲು ಮನುಷ್ಯನಿದ್ದಿದ್ದರೆ ಬದುಕುವುದು ಕಷ್ಟವಿತ್ತು. ಮ್ಯಾಲಿಬುವಿನ ಮೂತಿ ಅಪ್ಪಚ್ಚಿಯಾದರೂ ಒಳಗಿನ ಜಾಗ ಉಳಿಯಿತು. ಗೊಂಬೆಗೆ ದಾಖಲಾದದ್ದು ಕಾಲಿನ ಸಣ್ಣ ಗಾಯದ ಸಾಧ್ಯತೆ ಮಾತ್ರ.

ಕಾರಣ ಸರಳ. ಡಿಕ್ಕಿಯ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಹೊಸ ಕಾರಿನ ಮೂತಿ ಮಡಚಿಕೊಳ್ಳುತ್ತಾ ಅದನ್ನು ಖರ್ಚುಮಾಡುತ್ತದೆ, ಒಳಗಿನ ಪಂಜರ ಗಟ್ಟಿಯಾಗಿ ನಿಲ್ಲುತ್ತದೆ. ಹಳೇ ಕಾರಿನಲ್ಲಿ ಆ ಪೆಟ್ಟು ಒಳಗಿದ್ದವರ ಪಾಲಿಗೆ ಬರುತ್ತಿತ್ತು. 1966ರಲ್ಲಿ ಅಮೆರಿಕದಲ್ಲಿ ವಾಹನಗಳು ಓಡಿದ ಪ್ರತಿ 10 ಕೋಟಿ ಮೈಲಿಗೆ ಸುಮಾರು 5.5 ಸಾವು ಆಗುತ್ತಿತ್ತು. 2014ರ ಹೊತ್ತಿಗೆ ಅದು ಸುಮಾರು 1.1ಕ್ಕೆ ಇಳಿದಿತ್ತು. ರಸ್ತೆ, ಚಿಕಿತ್ಸೆ, ಕುಡಿದು ಓಡಿಸುವುದರ ಮೇಲಿನ ಕಡಿವಾಣ, ಇವೂ ಇದಕ್ಕೆ ಕಾರಣ. ಆದರೆ ಕಾರಿನ ಪಾಲು ದೊಡ್ಡದು.

ಅಂದಕ್ಕೆ, ಗತ್ತಿಗೆ ಕಾರಿನ ಮುಂದೆ ಕಬ್ಬಿಣದ ಗಾರ್ಡ್ ಕಟ್ಟಿಸುವ ಚಪಲ ನಮ್ಮಲ್ಲೂ ಇದೆ. ದಾರಿಹೋಕರಿಗೂ ಕಾರಿನಲ್ಲಿರುವವರಿಗೂ ಅಪಾಯವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅಂಥ ಬುಲ್ ಬಾರ್‌ಗಳ ವಿರುದ್ಧ ಕ್ರಮಕ್ಕೆ ಸೂಚಿಸಿದೆ.

ಅರ್ಲ್ ಕಟ್ಟಿದ ಕಾರುಗಳು ಇಂದಿಗೂ ನೋಡಲು ಚೆಂದ. ಆ ಫೋಟೋವನ್ನು ಖುಷಿಯಿಂದ ಹಂಚಿಕೊಳ್ಳಿ. ಕೆಳಗಿನ ಒಕ್ಕಣೆಯನ್ನು ಮಾತ್ರ ಅಳಿಸಿ ಕಳಿಸಿ.